ಹೊಸ ಫೋನ್‌ಗೆ ಮುಂಗಡ ಕೊಟ್ಟು 26 ದಿನ: ಸ್ಟಾಕ್ ನಿಜವಾಗಿಯೂ ಇಲ್ಲವೇ, ನಮಗೆ ಮಾತ್ರ ಇಲ್ಲವೇ?

ಬೇತ್ರಿ ಹೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವನು. ಕಳೆದ ತಿಂಗಳು ಮಾರುಕಟ್ಟೆಗೆ ಬಂದ, ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುವಂತಹ ಹೊಸ ಸ್ಮಾರ್ಟ್‌ಫೋನ್ ಒಂದಕ್ಕೆ ಬುಕಿಂಗ್ ಶುರುವಾದ ದಿನವೇ ನಮ್ಮೂರಿನ ಅಂಗಡಿಯಲ್ಲಿ 2,000 ರೂಪಾಯಿ ಮುಂಗಡ ಕೊಟ್ಟು ರಸೀದಿ ಬರೆಸಿಕೊಂಡು ಬಂದೆ. ಮೈಸೂರಿನಲ್ಲಿ ಓದುತ್ತಿರುವ ಮಗಳು ದಸರಾ ರಜೆಗೆ ಬಂದಾಗ ಅವಳ ಕೈಗೆ ಕೊಡಬೇಕೆಂಬುದು ನನ್ನ ಲೆಕ್ಕವಾಗಿತ್ತು. ಇಂದಿಗೆ 26 ದಿನಗಳಾದವು. ಹೋದಾಗಲೆಲ್ಲ "ಕಂಪನಿಯಿಂದಲೇ ಸ್ಟಾಕ್ ಇಲ್ಲ, ಸೋಮವಾರ ವಿಚಾರಿಸಿ" ಎಂಬ ಒಂದೇ ಉತ್ತರ. ಸೋಮವಾರಗಳು ಮಾತ್ರ ತಪ್ಪದೆ ಬಂದು ಹೋಗುತ್ತಿವೆ.

ಆನ್‌ಲೈನ್‌ನಲ್ಲಿ ಮೈಸೂರಿನ ಪಿನ್‌ಕೋಡ್ ಹಾಕಿದರೆ ನಾಲ್ಕು ದಿನಗಳಲ್ಲಿ ತಲುಪಿಸುವುದಾಗಿ ತೋರಿಸುತ್ತದೆ. ಅದನ್ನೇ ಅಳಿಸಿ 571218 ಎಂದು ಹಾಕಿದ ಕೂಡಲೇ ಈ ಸ್ಥಳಕ್ಕೆ ಲಭ್ಯವಿಲ್ಲ ಎನ್ನುತ್ತದೆ. ಮೊನ್ನೆ ಅಂಗಡಿಯವರೇ ಕರೆ ಮಾಡಿ, ಒಂದು ಫೋನ್ ಬಂದಿದೆ, ಆದರೆ ಕವರ್, ಚಾರ್ಜರ್, ಇಯರ್‌ಬಡ್ ಮತ್ತು ಒಂದು ವರ್ಷದ ವಿಮೆ ಸೇರಿದ 7,500 ರೂಪಾಯಿಗಳ "ಕಾಂಬೊ" ಜೊತೆಗೆ ತೆಗೆದುಕೊಳ್ಳುವವರಿಗೆ ಮಾತ್ರ ಕೊಡುತ್ತೇವೆ ಎಂದರು. ಬೆಳಿಗ್ಗೆಯವರೆಗೂ ಇಲ್ಲದ ಸ್ಟಾಕ್ ಕಾಂಬೊ ಎಂದ ತಕ್ಷಣ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯುತ್ತಿಲ್ಲ. ಈ ಕೊರತೆ ನಿಜವಾದದ್ದೇ, ಬೇಕೆಂದೇ ಮಾಡಿದ್ದೇ? ನಾನು ಕಾಂಬೊ ಒಪ್ಪಿಕೊಳ್ಳಬೇಕೇ, ಕಾಯಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಕೌಂಟರ್ ಹಿಂದಿನವನು

ಸರ್, ಕುಶಾಲನಗರದ ಒಂದು ಮೊಬೈಲ್ ಅಂಗಡಿಯಲ್ಲಿ ಆರು ವರ್ಷ ಕೌಂಟರ್‌ನಲ್ಲಿ ನಿಂತವನು ನಾನು. ಈಗ ಆ ಕೆಲಸದಲ್ಲಿಲ್ಲ, ಆದ್ದರಿಂದ ಮುಚ್ಚಿಡುವ ಅಗತ್ಯವೂ ಇಲ್ಲ.

ನಮ್ಮಂತಹ ಊರುಗಳ ಅಂಗಡಿಗೆ ಕಂಪನಿಯಿಂದ ನೇರವಾಗಿ ಏನೂ ಬರುವುದಿಲ್ಲ. ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಮಾಡುತ್ತದೆ, ನಮ್ಮ ಭಾಗಕ್ಕೆ ಆ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ಮೈಸೂರಿನಲ್ಲಿರುತ್ತಾನೆ, ಅವನು ಅಂಗಡಿ ಅಂಗಡಿಗೆ ಹಂಚುತ್ತಾನೆ. ಈ ಹಂಚಿಕೆಗೆ ನಾವು ಅಲಾಟ್‌ಮೆಂಟ್ ಎನ್ನುತ್ತಿದ್ದೆವು. ಅದು ನಿಮ್ಮ ಊರಿನಲ್ಲಿ ಎಷ್ಟು ಜನ ಬುಕ್ ಮಾಡಿದ್ದಾರೆ ಎಂಬುದನ್ನು ನೋಡಿ ಬರುವುದಿಲ್ಲ, ಹಿಂದಿನ ತಿಂಗಳುಗಳಲ್ಲಿ ಆ ಅಂಗಡಿ ಅದೇ ಕಂಪನಿಯ ಎಷ್ಟು ಫೋನ್ ಎತ್ತಿದೆ ಎಂಬುದನ್ನು ನೋಡಿ ಬರುತ್ತದೆ. ಮಳೆಗಾಲದ ಮೂರು ತಿಂಗಳು ನಮ್ಮಲ್ಲಿ ವ್ಯಾಪಾರ ಹೇಗಿರುತ್ತದೆಂದು ನಿಮಗೇ ಗೊತ್ತು. ಆ ಒಣ ಲೆಕ್ಕವನ್ನು ಹಿಡಿದು ಸೆಪ್ಟೆಂಬರ್‌ನಲ್ಲಿ ಹಂಚಿದರೆ ಕೊಡಗಿನ ಅಂಗಡಿಯ ಪಾಲಿಗೆ ಬರುವುದು ಎರಡೋ ಮೂರೋ ಫೋನ್. ಒಂದು ವರ್ಷ ನಮ್ಮಲ್ಲಿ 19 ಬುಕಿಂಗ್ ಇದ್ದಾಗ ಮೊದಲ ವಾರ ಬಂದದ್ದು ಎರಡು, ಅದರಲ್ಲೂ ಒಂದು ಯಾರೂ ಕೇಳದ ಬಣ್ಣದ್ದು.

ಇನ್ನು ಕಾಂಬೊ. ಇದು ಪೂರ್ತಿ ಅಂಗಡಿಯವರ ದುರಾಸೆ ಎಂದರೆ ಅರ್ಧ ಸತ್ಯವಾಗುತ್ತದೆ. ಓಡುವ ಮಾಡೆಲ್ ಒಂದು ಬೇಕಾದರೆ ಓಡದ ಮಾಡೆಲ್ ನಾಲ್ಕು ತೆಗೆದುಕೊಳ್ಳಬೇಕೆಂದು ನಮಗೇ ಮೇಲಿನಿಂದ ಹೇಳುತ್ತಿದ್ದರು. ಹೊಸ ಫೋನ್‌ನಲ್ಲಿ ಅಂಗಡಿಗೆ ಉಳಿಯುವ ಲಾಭ ಬಹಳ ತೆಳ್ಳಗಿರುತ್ತದೆ, ಕವರ್ ಮತ್ತು ವಿಮೆಯಲ್ಲಿ ಚೆನ್ನಾಗಿರುತ್ತದೆ. ಹೀಗಾಗಿ ಬಂದ ಎರಡು ಫೋನ್ ಯಾರಿಗೆ ಹೋಗುತ್ತವೆ ಎಂದರೆ, ಮೊದಲು ಫೈನಾನ್ಸ್‌ನಲ್ಲಿ ತೆಗೆದುಕೊಳ್ಳುವವರಿಗೆ, ಹಳೆಯ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವವರಿಗೆ, ಕಾಂಬೊ ಒಪ್ಪುವವರಿಗೆ. ಪೂರ್ತಿ ಹಣ ಕೊಟ್ಟು ಬರೀ ಫೋನ್ ಕೇಳುವ ನಿಮ್ಮಂತಹವರು ಸಾಲಿನ ಕೊನೆಯಲ್ಲಿರುತ್ತೀರಿ. ನಾನೂ ಹಾಗೆ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಮುಂದಿನ ಸಲ ಹೋದಾಗ ಬುಕಿಂಗ್ ಪುಸ್ತಕ ತೋರಿಸಿ ಎಂದು ಕೇಳಿ. ಎಲ್ಲ ಅಂಗಡಿಯಲ್ಲೂ ಅಂತಹದೊಂದು ಉದ್ದನೆಯ ಪುಸ್ತಕ ಇದ್ದೇ ಇರುತ್ತದೆ.

ಕಣದಲ್ಲಿ ಕಾಫಿ

ಎಲ್ಲವೂ ನಾಟಕ ಎಂದೇ ನನ್ನ ಅಭಿಪ್ರಾಯ. ಯೂರಿಯಾ ಬೇಕಾದರೆ ಜೊತೆಗೆ ಬೇಡದ ಪೊಟ್ಟಣವೊಂದನ್ನು ತೆಗೆದುಕೊಳ್ಳಲೇಬೇಕು ಎನ್ನುವ ಲಿಂಕ್ ಗೊಬ್ಬರದ ವ್ಯಾಪಾರವನ್ನು ವರ್ಷವೂ ನೋಡುತ್ತಿರುವ ಬೆಳೆಗಾರನಿಗೆ ಈ ಕಾಂಬೊ ಹೊಸದೇನೂ ಅಲ್ಲ. 2014ರಲ್ಲಿ ಶಿಯೋಮಿಯ ರೆಡ್‌ಮಿ 1ಎಸ್ ಫೋನ್ 40,000 ಸಂಖ್ಯೆಯಷ್ಟು 4.2 ಸೆಕೆಂಡಿನಲ್ಲಿ ಮಾರಾಟವಾಯಿತೆಂದು ಕಂಪನಿಯೇ ಹೆಮ್ಮೆಯಿಂದ ಹೇಳಿಕೊಂಡಿತ್ತು. ಬೇಡಿಕೆ ಲಕ್ಷಗಳಲ್ಲಿದೆ ಎಂದು ಗೊತ್ತಿದ್ದೂ 40,000 ಮಾತ್ರ ಇಟ್ಟು, ಮುಗಿದ ಸುದ್ದಿಯನ್ನೇ ಜಾಹೀರಾತು ಮಾಡಿಕೊಳ್ಳುವುದಕ್ಕೆ ಕೊರತೆ ಎನ್ನುತ್ತಾರೆಯೇ? ಆ ದಿನಗಳಲ್ಲಿ ಒನ್‌ಪ್ಲಸ್ ಫೋನ್ ಕೊಳ್ಳುವುದಕ್ಕೆ ಮದುವೆಯಂತೆ ಆಹ್ವಾನ ಬೇಕಾಗಿತ್ತು.

ಶನಿವಾರಸಂತೆಯವನು

ಹಿರಿಯರ ಮಾತಿನಲ್ಲಿ ಒಂದಂಶ ನಿಜವಿದೆ, ಆದರೆ ಎಲ್ಲವೂ ನಾಟಕವಲ್ಲ. ನಾನು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕೆಯ ಕಡೆ ಕೆಲಸ ಮಾಡುವವನು. ಕಾರ್ಖಾನೆಯ ಒಳಗಿನಿಂದ ಇದು ಹೇಗೆ ಕಾಣುತ್ತದೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ಹೊಸ ಮಾಡೆಲ್‌ನಲ್ಲಿ ಹಳೆಯದರಿಂದ ಬಂದ ಭಾಗಗಳು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಆ ವರ್ಷ ಹೊಸದಾಗಿ ಸೇರಿದ ಒಂದೋ ಎರಡೋ ಭಾಗ. ಒಂದು ಕ್ಯಾಮೆರಾ ಘಟಕ ಹತ್ತು ಹಂತಗಳಲ್ಲಿ ತಯಾರಾಗುತ್ತದೆ, ಪ್ರತಿ ಹಂತದಲ್ಲೂ ನೂರಕ್ಕೆ 95 ಸರಿಯಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ 95ನ್ನು ಹತ್ತು ಬಾರಿ ಹೀಗೆಯೇ ಗುಣಿಸುತ್ತಾ ಹೋದರೆ ಕೊನೆಗೆ ಕೈಗೆ ಸಿಗುವುದು ನೂರಕ್ಕೆ ಸುಮಾರು 60 ಮಾತ್ರ. ಉಳಿದ ಎಲ್ಲ ಭಾಗಗಳೂ ಗೋದಾಮಿನಲ್ಲಿ ರಾಶಿ ಬಿದ್ದಿದ್ದರೂ ಆ ದಿನ ಹೊರಗೆ ಹೋಗುವ ಫೋನ್‌ಗಳ ಸಂಖ್ಯೆಯನ್ನು ನಿರ್ಧರಿಸುವುದು ಆ ಒಂದು ಘಟಕ. ಹೀಗೆ ನೂರಕ್ಕೆ ಎಷ್ಟು ಸರಿಯಾಗಿ ಹೊರಬರುತ್ತವೆ ಎಂಬುದನ್ನು ನಾವು ಯೀಲ್ಡ್ ಎನ್ನುತ್ತೇವೆ. ಎಷ್ಟೇ ಜನ ಹಣ್ಣು ಕೊಯ್ದು ತಂದರೂ ಕಣದಲ್ಲಿ ಹರಡುವಷ್ಟನ್ನೇ ಅಲ್ಲವೇ ಒಣಗಿಸಲು ಸಾಧ್ಯ? ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆಗಳಿವೆ. ಬಿಳಿ ಬಣ್ಣದ ಐಫೋನ್ 4 ಅನ್ನು ಆಪಲ್ 2010ರ ಜೂನ್‌ನಲ್ಲಿ ಘೋಷಿಸಿತು, ಮಾರಾಟಕ್ಕೆ ಬಂದದ್ದು 2011ರ ಏಪ್ರಿಲ್ 28ರಂದು. ಬಿಳಿ ಬಣ್ಣದಲ್ಲಿ ತಯಾರಿಸುವುದು ಎಣಿಸಿದ್ದಕ್ಕಿಂತ ಕಷ್ಟವಾಯಿತೆಂದು ಕಂಪನಿಯೇ ಒಪ್ಪಿಕೊಂಡಿತ್ತು. ಕಪ್ಪು ಫೋನ್ ಮೊದಲೇ ಮಾರಾಟದಲ್ಲಿತ್ತು. 2013ರಲ್ಲಿ ಐಫೋನ್ 5ಎಸ್‌ನ ಚಿನ್ನದ ಬಣ್ಣಕ್ಕೂ ಪರದಾಟವಾಯಿತು, ಆದರೆ ಅದು ಬೇಡಿಕೆಯನ್ನು ಕಡಿಮೆ ಅಂದಾಜು ಮಾಡಿದ್ದರ ಫಲ. 2017ರ ನವೆಂಬರ್ 3ರಂದು ಬಂದ ಐಫೋನ್ ಟೆನ್‌ಗೆ ಬುಕಿಂಗ್ ತೆರೆದ ದಿನವೇ ಐದಾರು ವಾರಗಳ ಕಾಯುವಿಕೆ ತೋರಿಸುತ್ತಿತ್ತು. ಮುಖ ಗುರುತಿಸುವ ಕ್ಯಾಮೆರಾ ಘಟಕದ ಯೀಲ್ಡ್ ಸಾಲದೆಂದು ಆಗ ಎಲ್ಲ ಕಡೆ ವರದಿಯಾಗಿತ್ತು. ಡಿಸೆಂಬರ್ ಮಧ್ಯದ ಹೊತ್ತಿಗೆ ಆ ಕಾಯುವಿಕೆ ಕೆಲವೇ ದಿನಗಳಿಗೆ ಇಳಿಯಿತು. ಈ ಕೊನೆಯ ಸಂಗತಿಯನ್ನು ಬೇತ್ರಿಯವರು ವಿಶೇಷವಾಗಿ ಗಮನಿಸಬೇಕು.

ಯಾರ ಕೈಯಲ್ಲೂ ಇಲ್ಲದ ಕಾರಣಗಳೂ ಇರುತ್ತವೆ. 2022ರ ನವೆಂಬರ್‌ನಲ್ಲಿ ಐಫೋನ್ ಜೋಡಿಸುವ ಚೀನಾದ ಝೆಂಗ್‌ಝೌ ಕಾರ್ಖಾನೆ ಕೋವಿಡ್ ನಿರ್ಬಂಧಗಳಿಂದಾಗಿ ಬಹಳ ಕಡಿಮೆ ಸಾಮರ್ಥ್ಯದಲ್ಲಿ ನಡೆಯುತ್ತಿದೆ, ಐಫೋನ್ 14 ಪ್ರೊ ಮಾಡೆಲ್‌ಗಳಿಗೆ ಹೆಚ್ಚು ಕಾಯಬೇಕಾಗುತ್ತದೆ ಎಂದು ಆಪಲ್ ಬಹಿರಂಗವಾಗಿ ಹೇಳಬೇಕಾಯಿತು.

ಹೆಚ್ಚು ಕಾರ್ಖಾನೆ ಕಟ್ಟಬಾರದೇ ಎಂದು ಕೇಳಬಹುದು. ಮೊದಲ ಆರು ವಾರಗಳ ಬೇಡಿಕೆಗೆ ತಕ್ಕಂತೆ ಯಂತ್ರ ಹಾಕಿದರೆ ಉಳಿದ ಹತ್ತು ತಿಂಗಳು ಅವುಗಳಲ್ಲಿ ಬಹುಪಾಲು ಸುಮ್ಮನೆ ನಿಲ್ಲುತ್ತವೆ, ಹೀಗಾಗಿ ಯಾವ ಕಂಪನಿಯೂ ಹಾಗೆ ಮಾಡುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಐಫೋನ್ ಜೋಡಣೆಯಾಗುತ್ತದೆ, ಆದರೂ ನಮಗೆ ಸಿಗುವುದಿಲ್ಲವಲ್ಲ ಎಂದು ನನ್ನ ಚಿಕ್ಕಪ್ಪನೂ ಪ್ರತಿ ಹಬ್ಬಕ್ಕೆ ಕೇಳುತ್ತಾರೆ. ಜೋಡಣೆ ಇಲ್ಲಿ, ಮುಖ್ಯ ಭಾಗಗಳು ಹೊರಗಿನಿಂದ, ತಯಾರಾದ ಫೋನ್‌ಗಳಲ್ಲಿ ದೊಡ್ಡ ಪಾಲು ರಫ್ತಿಗೆ. ಕಾಫಿ ಬೆಳೆಯುವ ಜಿಲ್ಲೆಯವರು ಇದಕ್ಕೆ ಆಶ್ಚರ್ಯಪಡಬಾರದು.

ನನ್ನ ದೃಷ್ಟಿಯಲ್ಲಿ ಕೊರತೆ ನಿಜ, ಆದರೆ ಆ ಕೊರತೆಯಲ್ಲಿ ಯಾರಿಗೆ ಮೊದಲು ಎಂಬುದನ್ನು ನಿರ್ಧರಿಸುವಾಗ ನಡೆಯುವುದೆಲ್ಲ ನ್ಯಾಯವಲ್ಲ. ಇವೆರಡನ್ನು ಬೇರೆ ಬೇರೆಯಾಗಿ ನೋಡಬೇಕು.

ಕೋಟೆ ಬೀದಿ

ಮಡಿಕೇರಿಯಲ್ಲಿ ವಕೀಲಿ ವೃತ್ತಿಯಲ್ಲಿರುವವಳು. ಎರಡನೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಒಂದು ವಸ್ತುವನ್ನು ಮಾರಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(41) ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಬೆಲೆ ಏರಲೆಂದು ವಸ್ತುವನ್ನು ಬಚ್ಚಿಡುವುದು ಅಥವಾ ಮಾರಲು ನಿರಾಕರಿಸುವುದು ಅದೇ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಆದ್ದರಿಂದ ಕಾಂಬೊ ಬೇಡವೆನ್ನಲು ತಮಗೆ ಪೂರ್ಣ ಹಕ್ಕಿದೆ. ಆದರೆ ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಾಳೆ ಹೇಳಿಲ್ಲವೆಂದರೆ ತಮ್ಮ ಬಳಿ ಆಧಾರವಿರುವುದಿಲ್ಲ. "ಫೋನ್ ಮಾತ್ರ ಬೇಕು, ಕಾಂಬೊ ಇಲ್ಲದೆ ಕೊಡುವಿರಾ?" ಎಂದು ವಾಟ್ಸಾಪ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಮುಂಗಡದ ರಸೀದಿಯಲ್ಲಿ ದಿನಾಂಕ, ಮಾಡೆಲ್, ಸ್ಟೋರೇಜ್, ಬಣ್ಣ ಇಷ್ಟೂ ಇದೆಯೇ ಎಂದು ನೋಡಿಕೊಳ್ಳಿ. "ಮೊಬೈಲ್ ಅಡ್ವಾನ್ಸ್" ಎಂದಷ್ಟೇ ಬರೆದಿದ್ದರೆ ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು, ಎಷ್ಟೋ ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ಮುಗಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. (ನನ್ನ ವೃತ್ತಿಯವರು ಇದನ್ನು ಓದಿ ಬೇಸರಿಸದಿರಲಿ.) ಇಷ್ಟಾಗಿಯೂ, ಸ್ಟಾಕ್ ತಡವಾಗಿ ಬಂತು ಎಂಬುದೊಂದನ್ನೇ ಹಿಡಿದು ಆಯೋಗಕ್ಕೆ ಹೋದರೆ ಹೆಚ್ಚೇನೂ ದೊರೆಯಲಾರದು. ಸಾಲು ಮುರಿದದ್ದು, ಷರತ್ತು ಹಾಕಿದ್ದು, ಮುಂಗಡ ಹಿಂದಿರುಗಿಸಲು ಒಪ್ಪದಿರುವುದು, ಇವುಗಳಿಗೆ ಆಧಾರವಿದ್ದರೆ ಮಾತು ಬೇರೆ.

ಕೌಂಟರ್ ಹಿಂದಿನವನು

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಇಂತಹ ಸಮಯದಲ್ಲಿ "ನನ್ನ ಹತ್ತಿರ ಇದೆ, ಎರಡು ಸಾವಿರ ಹೆಚ್ಚು ಕೊಡಿ" ಎನ್ನುವವರು ಸಿಗುತ್ತಾರೆ. ಮುದ್ರಿತ ಎಂಆರ್‌ಪಿಗಿಂತ ಹೆಚ್ಚು ಕೇಳುವುದು ತಪ್ಪು ಎಂಬುದು ಹಾಗಿರಲಿ, ಬಾಕ್ಸ್ ಹೊರದೇಶದ್ದೇ ಎಂದು ಮೊದಲು ನೋಡಿ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 14ರ ಸರಣಿಯಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲವೂ ಇ-ಸಿಮ್, ಅಂದರೆ ಕೈಯಿಂದ ತೆಗೆದು ಹಾಕಲಾಗದ, ಫೋನ್ ಒಳಗೇ ಇರುವ ಸಿಮ್. ಮಳೆಗಾಲದಲ್ಲಿ ಒಂದು ಟವರ್ ಸತ್ತರೆ ಇನ್ನೊಂದು ಕಂಪನಿಯ ಸಿಮ್ ತೆಗೆದು ಹಾಕುವ ನಮ್ಮ ಕಡೆಯವರಿಗೆ ಅದು ಒಗ್ಗುವುದಿಲ್ಲ. ಬಿಲ್‌ನಲ್ಲಿರುವ ಐಎಂಇಐ (ಫೋನ್‌ನ ಗುರುತಿನ ಸಂಖ್ಯೆ), ಬಾಕ್ಸ್ ಮೇಲಿನದು, *#06# ಒತ್ತಿದಾಗ ಬರುವುದು, ಮೂರೂ ಒಂದೇ ಆಗಿರಬೇಕು.

ಕಣದಲ್ಲಿ ಕಾಫಿ

ಶನಿವಾರಸಂತೆಯವರು ಕಣದ ಹೋಲಿಕೆ ಕೊಟ್ಟು ನನ್ನ ಬಾಯಿ ಮುಚ್ಚಿಸಿದ್ದಾರೆ, ಒಪ್ಪಿದೆ. 4.2 ಸೆಕೆಂಡಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬೇತ್ರಿ ಹೊಳೆ

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಅಂಗಡಿಗೆ ಹೋಗಿ, ಜಗಳವಾಡದೆ, ಬುಕಿಂಗ್ ಪುಸ್ತಕ ತೋರಿಸಿ ಎಂದೆ. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ ತೆಗೆದರು. ಕೆಂಪು ರಟ್ಟಿನ ಉದ್ದ ಪುಸ್ತಕ, ಪೆನ್ಸಿಲಿನಲ್ಲಿ ಬರೆದ ಹೆಸರುಗಳು. ನನ್ನದು ಆರನೆಯದು. ಟಿಕ್ ಬಿದ್ದಿದ್ದದ್ದು ಎರಡನೆಯ, ಒಂಬತ್ತನೆಯ ಮತ್ತು ಹದಿಮೂರನೆಯ ಹೆಸರಿಗೆ. ಕೊನೆಯ ಎರಡರ ಪಕ್ಕದಲ್ಲಿ ಸಣ್ಣದಾಗಿ "ಇಎಂಐ" ಎಂದಿತ್ತು. 26 ದಿನಗಳಲ್ಲಿ ಬಂದದ್ದು ಮೂರೇ ಫೋನ್ ಎಂಬುದು ನಿಜ. ಆ ಮೂರರಲ್ಲಿ ನನ್ನದೊಂದು ಇರಬೇಕಿತ್ತೆಂದು ನಾನು ವಾದಿಸಲಾರೆ, ನನಗಿಂತ ಮೊದಲು ಐವರಿದ್ದರು. ಆದರೆ ಒಂಬತ್ತನೆಯವರಿಗೆ ಸಿಕ್ಕಿದ್ದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ಕಾಂಬೊ ಬೇಡವೆಂದು ವಾಟ್ಸಾಪ್‌ನಲ್ಲಿಯೂ ಬರೆದು ಕಳುಹಿಸಿದ್ದೇನೆ. ಮುಂಗಡ ಬೇಕಾದರೆ ಈಗಲೇ ಹಿಂದಿರುಗಿಸುತ್ತೇವೆ ಎಂದರು, ಬೇಡ, ರಸೀದಿಯಲ್ಲಿ ಬಣ್ಣ, ಸ್ಟೋರೇಜ್ ಮತ್ತು ಕ್ರಮಸಂಖ್ಯೆ 6 ಎಂದು ಬರೆದು ಸೀಲ್ ಹಾಕಿ ಕೊಡಿ ಎಂದೆ. ಹಾಕಿಕೊಟ್ಟರು. ಮಗಳಿಗೆ ಫೋನ್ ಮಾಡಿ ಹೇಳಿದಾಗ, ಹುತ್ತರಿಗೆ ಸಿಕ್ಕಿದರೂ ಸಾಕು, ಅಲ್ಲಿಯವರೆಗೆ ಈಗಿರುವ ಫೋನ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಡಿ ಪಪ್ಪಾ ಎಂದಳು. ಮಡಿಕೇರಿಯಲ್ಲಿ ಒಳ್ಳೆಯ ಬ್ಯಾಟರಿ ಹಾಕುವವರು ಯಾರಾದರೂ ಗೊತ್ತಿದ್ದರೆ ಹೇಳಿ.