ಹದಿಮೂರಕ್ಕೆ ಹದಿಮೂರೂ ಸೋಲು: ನಮ್ಮ ಮನೆ ಗುಂಪಿನ ಭಾನುವಾರದ ಜಗಳ

ಪ್ರಸನ್ನ: (ಫಾರ್ವರ್ಡ್ ಆಗಿ ಬಂದ ಚಿತ್ರ: ‘ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಫುಟ್‌ಬಾಲ್ ತಂಡ, 2003. ಆಡಿದ್ದು 13, ಸೋತಿದ್ದು 13.’)

ಪ್ರಸನ್ನ: ರವಿ ಮಾವ, ಇದು ನಿಮ್ಮ ಮನೆ ಹತ್ತಿರದ ತಂಡ ಅಲ್ವಾ? ಸೇನೆಯ ಹುಡುಗರು, ಬೆಳಗ್ಗೆ ಎದ್ದರೆ ಡ್ರಿಲ್, ಶಿಸ್ತು. ಇಷ್ಟೆಲ್ಲ ಇದ್ದೂ ಒಂದೇ ಒಂದು ಮ್ಯಾಚ್ ಗೆದ್ದಿಲ್ಲ ಅಂದರೆ ಮನಸ್ಸಿಟ್ಟು ಆಡಿಲ್ಲ ಅಂತಲೇ ಅರ್ಥ.

ಸುಧಾ ಚಿಕ್ಕಮ್ಮ: ಇದು ಕಾಲಲ್ಲಿ ಒದೆಯುವ ಫುಟ್‌ಬಾಲಾ, ಕೈಯಲ್ಲಿ ಹಿಡಿದು ಓಡುವುದಾ?

ರವಿ ಮಾವ: ಹಿಡಿದು ಓಡುವುದು ಸುಧಾ. ಪ್ರಸನ್ನ, ಮನಸ್ಸಿಟ್ಟು ಆಡಿಲ್ಲ ಅನ್ನುವ ಮಾತು ಮಾತ್ರ ವಾಪಸ್ ತಗೋ. ಆ ವರ್ಷ ಅಲ್ಲಿಗೆ ಒಂದು ಮ್ಯಾಚ್ ನೋಡಲು ಹೋಗಿದ್ದೆ. ಹಡ್ಸನ್ ನದಿ ಮೇಲಿನ ಗುಡ್ಡದಲ್ಲಿ ಮೈಕಿ ಸ್ಟೇಡಿಯಂ, ಪಕ್ಕದಲ್ಲೇ ನಮ್ಮೂರ ಕೆರೆಯಂಥ ಜಲಾಶಯ. ತಂಡ ಸೋಲುತ್ತಾ ಇತ್ತು, ಆದರೂ ಬೂದು ಬಣ್ಣದ ಸಮವಸ್ತ್ರದ ಕೆಡೆಟ್‌ಗಳು ಒಬ್ಬರೂ ಕೂರಲಿಲ್ಲ, ಮೈದಾನದಲ್ಲಿದ್ದ ಹುಡುಗರು ಬಿದ್ದು ಎದ್ದು ಮತ್ತೆ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಅದನ್ನು ಕಣ್ಣಾರೆ ನೋಡಿದವನು ನಾನು.

ದೊಡ್ಡಪ್ಪ: ಸೋಲು ಸೋಲೇ ರವಿ. ನಾನು ನಮ್ಮ ಸೇನೆಯ ಎಂಇಜಿಯಲ್ಲಿದ್ದಾಗ ಪಕ್ಕದ ಕಂಪನಿ ಎದುರು ಹಗ್ಗ ಜಗ್ಗಾಟ ಸೋತರೂ ಆ ರಾತ್ರಿ ನಮಗೆ ಊಟ ಸೇರುತ್ತಿರಲಿಲ್ಲ.

ರವಿ ಮಾವ: ಅವರಿಗೂ ಸೇರಿರಲ್ಲ ಭಾವ. ಆದರೆ ನೀವು ಜಗ್ಗುತ್ತಿದ್ದದ್ದು ನಿಮ್ಮಂಥ ಜವಾನರ ಜೊತೆ. ಇಲ್ಲಿ ದೊಡ್ಡ ಕಾಲೇಜುಗಳ ತಂಡಕ್ಕೆ ಸೇರುವ ಹುಡುಗನ ಕಣ್ಣು ಎನ್‌ಎಫ್‌ಎಲ್ ಮೇಲೆ, ಅಂದರೆ ದುಡ್ಡಿನ ಆಟದ ಮೇಲೆ. ವೆಸ್ಟ್ ಪಾಯಿಂಟ್ ಸೇರಿದವನು ಓದು ಮುಗಿದ ಮೇಲೆ 5 ವರ್ಷ ಸೇನೆಯಲ್ಲಿ ದುಡಿಯಬೇಕು. ಆ ದೊಡ್ಡ ಕಾಲೇಜುಗಳಲ್ಲಿ ಮುಂದಿನ ಸಾಲಿನವರು 130, 140 ಕೆಜಿ ಇರುತ್ತಾರೆ. ವೆಸ್ಟ್ ಪಾಯಿಂಟ್‌ನಲ್ಲಿ ಆಫೀಸರ್ ಆಗುವ ಹೊತ್ತಿಗೆ ಸೇನೆಯ ಲೆಕ್ಕಕ್ಕೆ ತೂಕ ಇಳಿಸಲೇಬೇಕು. 1945ರಲ್ಲಿ ಇದೇ ತಂಡ ದೇಶಕ್ಕೇ ಮೊದಲು ಬಂದಿತ್ತು. ಆ ಕಾಲ ಬೇರೆ.

ಪ್ರಸನ್ನ: ಮಾವ, ಈಗ ಹುಡುಕಿ ನೋಡಿದೆ. ನೇವಿ ಅಕಾಡೆಮಿಗೂ ಇದೇ ನಿಯಮ, ಇದೇ 5 ವರ್ಷ. 2001ರಲ್ಲಿ ಅವರು ಹತ್ತಕ್ಕೆ ಹತ್ತೂ ಸೋತಿದ್ದರು. 2003ರಲ್ಲಿ 8 ಮ್ಯಾಚ್ ಗೆದ್ದಿದ್ದಾರೆ, ಆರ್ಮಿಯನ್ನೇ, ಅಂದರೆ ಈ ವೆಸ್ಟ್ ಪಾಯಿಂಟ್ ತಂಡವನ್ನೇ, 34-6ರಲ್ಲಿ ಹೊಡೆದಿದ್ದಾರೆ. ಇನ್ನು ತೂಕದ ಮಾತು ಎಲ್ಲಿ ಬಂತು?

ಸುಧಾ ಚಿಕ್ಕಮ್ಮ: ಇದಕ್ಕೆ ಉತ್ತರ ಕೊಡು ಅಣ್ಣ.

ರವಿ ಮಾವ: ಕೊಡುತ್ತೇನೆ. ನಾನು ಅರ್ಧ ಮಾತ್ರ ಹೇಳಿದ್ದೆ, ಪ್ರಸನ್ನ ಸರಿಯಾದ ಜಾಗಕ್ಕೇ ಕೈ ಹಾಕಿದ. ಹುಡುಗರು ಸಣ್ಣಗಿರುವುದು ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಆ ಹುಡುಗರ ಕೈಲಿ ಎಂಥ ಆಟ ಆಡಿಸಿದರು ಅನ್ನುವುದರಲ್ಲಿ. ಆಪ್ಷನ್ ಅಂತ ಒಂದು ಆಟದ ಕ್ರಮ ಇದೆ. ಕಬಡ್ಡಿಯಲ್ಲಿ ಸಣ್ಣ ಆಳು ರೈಡಿಗೆ ಹೋಗಿ ದೊಡ್ಡವನ ಕಾಲು ಯಾವ ಕಡೆ ವಾಲುತ್ತದೆ ಅಂತ ನೋಡಿ ಇನ್ನೊಂದು ಕಡೆ ಜಾರುತ್ತಾನಲ್ಲ, ಹಾಗೆ. ಎದುರಾಳಿಯ ಒಬ್ಬ ದೊಡ್ಡ ಆಳನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಅವನು ಯಾವ ಕಡೆ ನುಗ್ಗುತ್ತಾನೆ ನೋಡಿಕೊಂಡು, ಚೆಂಡು ಕೈಲಿದ್ದವನು ಅದನ್ನು ನಡುವೆ ಓಡುವವನಿಗೆ ಕೊಡುವುದು, ಇಲ್ಲ ತಾನೇ ಹಿಡಿದು ಓಡುವುದು, ಇಲ್ಲ ಪಕ್ಕಕ್ಕೆ ಎಸೆಯುವುದು. ಬಲ ಕಡಿಮೆ ಸಾಕು, ಚುರುಕು ಮತ್ತು ಅಭ್ಯಾಸ ಜಾಸ್ತಿ ಬೇಕು. ಇಂಥ ಹುಡುಗರಿಗೆ ಅಳತೆ ತೆಗೆದು ಹೊಲಿದ ಅಂಗಿ ಅದು.

ರವಿ ಮಾವ: ಆರ್ಮಿ 1984ರಿಂದ ಇದೇ ಕ್ರಮದಲ್ಲಿ ಆಡಿ 1996ರಲ್ಲಿ 10 ಮ್ಯಾಚ್ ಗೆದ್ದಿತ್ತು. ಆಮೇಲೆ ಸೋಲು ಶುರುವಾಯಿತು, 1999 ಮುಗಿದ ಮೇಲೆ ಕೋಚ್ ಬಾಬ್ ಸಟನ್ ಅವರನ್ನು ತೆಗೆದು ಟಾಡ್ ಬೆರಿ ಅವರನ್ನು ತಂದರು. ಅವರು ಆಪ್ಷನ್ ಬಿಟ್ಟು ಚೆಂಡನ್ನು ದೂರಕ್ಕೆ ಎಸೆದು ಹಿಡಿಯುವ ಆಟ ತಂದರು. ಎಸೆಯುವವನಿಗೆ ಪುರುಸೊತ್ತು ಸಿಗಬೇಕಾದರೆ ಮುಂದಿನ ಸಾಲಿನವರು ಆ 140 ಕೆಜಿ ಆಳುಗಳನ್ನು ಎದೆ ಕೊಟ್ಟು ತಡೆಯಬೇಕು. ಆಗುತ್ತಾ? ಮೊದಲ ವರ್ಷ 1 ಗೆಲುವು, ಆಮೇಲೆ 3, ಆಮೇಲೆ ಮತ್ತೆ 1. 2003ರಲ್ಲಿ ಮೊದಲ 6 ಸೋತ ಮೇಲೆ ಅವರನ್ನೂ ತೆಗೆದರು, ಉಳಿದ 7 ಮ್ಯಾಚ್ ಹಂಗಾಮಿ ಕೋಚ್ ಕೆಳಗೆ ಸೋತರು. ಅಷ್ಟರಲ್ಲಿ ನೇವಿಯವರು ಪಾಲ್ ಜಾನ್ಸನ್ ಅವರನ್ನು ಕರೆತಂದು ಆಪ್ಷನ್ ಆಡಿಸಿದರು. ನೀನು ಹುಡುಕಿದ 8 ಗೆಲುವು ಬಂದದ್ದು ಅಲ್ಲಿಂದ.

ದೊಡ್ಡಪ್ಪ: ಇದು ಮೊದಲೇ ಹೇಳಬೇಕಿತ್ತು. ಹಾಗಾದರೆ ತಪ್ಪು ಆರ್ಡರ್ ಕೊಟ್ಟವರದ್ದು. ಅರ್ಧ ದಾರಿಯಲ್ಲಿ ಕಮಾಂಡರ್ ಬದಲಿಸಿದರೆ ಆರ್ಡರ್ ಯಾರದ್ದು ಅಂತಲೇ ಜವಾನನಿಗೆ ಗೊತ್ತಾಗಲ್ಲ.

ಪ್ರಸನ್ನ: ಆಟದ ಕ್ರಮ ತಪ್ಪು, ಒಪ್ಪಿದೆ. ಆದರೂ 13ರಲ್ಲಿ ಒಂದಾದರೂ ಬೇಡವಾ ದೊಡ್ಡಪ್ಪ? ಅಮೆರಿಕದ ಕಾಲೇಜು ಫುಟ್‌ಬಾಲಿನ ಮೇಲಿನ ಮಟ್ಟದಲ್ಲಿ ಅದಕ್ಕೂ ಮೊದಲು ಯಾರೂ 13ಕ್ಕೆ 13 ಸೋತಿರಲಿಲ್ಲವಂತೆ.

ಸುಧಾ ಚಿಕ್ಕಮ್ಮ: ಪ್ರಸನ್ನ, ನನಗೆ ಆಟ ಗೊತ್ತಿಲ್ಲ, ಕಾಲೇಜು ಮಕ್ಕಳಿಗೆ ಪಾಠ ಮಾಡಿದ್ದೇನೆ ಅಷ್ಟೇ. ಶನಿವಾರ ಸಾವಿರಾರು ಜನರ ಎದುರು ಸೋತು ಸೋಮವಾರ ಬೆಳಗ್ಗೆ ಕ್ಲಾಸಿಗೆ ಹೋಗಿ ಕೂರಬೇಕು, ಹಾಗೆ 13 ಸಲ. ಒಂದು ಟೆಸ್ಟ್‌ನಲ್ಲಿ ಫೇಲಾದರೆ ವಾರಗಟ್ಟಲೆ ಮುಖ ತೋರಿಸದ ಮಕ್ಕಳನ್ನು ನೋಡಿದ್ದೇನೆ. ಇವರು ಮನಸ್ಸಿಟ್ಟಿಲ್ಲ ಅಂತ ನೀನು ಹೇಗೆ ಹೇಳುತ್ತೀಯಾ?

ರವಿ ಮಾವ: ಸುಧಾ, ಇನ್ನೊಂದು ವಿಷಯ ಕೇಳು. ಆರ್ಮಿ-ನೇವಿ ಮ್ಯಾಚ್ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ಹೋಗಿ ಮೊದಲು ಸೋತವರ ಕೆಡೆಟ್‌ಗಳ ಎದುರು ನಿಲ್ಲುತ್ತವೆ, ಸೋತವರ ಕಾಲೇಜು ಗೀತೆ ಮೊದಲು. ಗೆದ್ದವರದ್ದು ಆಮೇಲೆ. 2003ರ ಡಿಸೆಂಬರ್ 6ರಂದು ಫಿಲಡೆಲ್ಫಿಯಾದಲ್ಲಿ 34-6 ಆದ ಮೇಲೂ ಆರ್ಮಿ ಹುಡುಗರು ಹಾಗೇ ನಿಂತರು. ಇರಾಕ್ ಯುದ್ಧ ನಡೆಯುತ್ತಿದ್ದ ವರ್ಷ ಅದು.

ಪ್ರಸನ್ನ: ಸರಿ ಮಾವ. ಮನಸ್ಸಿಟ್ಟಿಲ್ಲ ಅಂದಿದ್ದು ವಾಪಸ್ ತಗೊಂಡೆ. ಸೋಲಿನ ಲೆಕ್ಕ ಮಾತ್ರ ಬಿಡಲ್ಲ.

ರವಿ ಮಾವ: ಬಿಡಬೇಡ. ಅದನ್ನು ಅವರೂ ಬಿಟ್ಟಿಲ್ಲ.

ದೊಡ್ಡಪ್ಪ: ಕೊನೆಗೆ ಗೆದ್ದದ್ದು ಯಾವಾಗ?

ರವಿ ಮಾವ: 2004ರ ಅಕ್ಟೋಬರ್ 9, ಭಾವ. ಹೊಸ ಕೋಚ್ ಬಾಬಿ ರಾಸ್. ಸಿನ್ಸಿನಾಟಿ ಎದುರು 48-29. ಅಷ್ಟು ಹೊತ್ತಿಗೆ ಸಾಲಾಗಿ 19 ಮ್ಯಾಚ್ ಸೋತಾಗಿತ್ತು.

ಸುಧಾ ಚಿಕ್ಕಮ್ಮ: ಹಾಗಾದರೆ ಹಿಂದಿನ ವರ್ಷ ಫೈನಲ್ ಇಯರ್‌ನಲ್ಲಿದ್ದ ಹುಡುಗರು ಆ ಗೆಲುವಿನಲ್ಲಿ ಇರಲೇ ಇಲ್ವಾ ಅಣ್ಣ?

ರವಿ ಮಾವ: ಇರಲಿಲ್ಲ ಸುಧಾ. ಅವರ ಬ್ಯಾಚ್ ಅಷ್ಟರಲ್ಲಿ ಪಾಸಾಗಿ, ಲೆಫ್ಟಿನೆಂಟ್‌ಗಳಾಗಿ ಸೇನೆಗೆ ಹೋಗಿತ್ತು.