ಬ್ಯಾಕ್ಟೀರಿಯಾ ಹೆಸರುಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ಕೇಳಿದವರು: ಎಂಬಿಬಿಎಸ್ ಎರಡನೇ ವರ್ಷ, ಊರು ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅನಾಟಮಿ, ಫಿಸಿಯಾಲಜಿ ಹೇಗೋ ದಾಟಿ ಬಂದೆ. ಮೈಕ್ರೋಬಯಾಲಜಿ ಮಾತ್ರ ಮೊದಲ ಇಂಟರ್ನಲ್ಸ್‌ನಲ್ಲೇ ಕೈಕೊಟ್ಟಿತು. ಸ್ಟ್ಯಾಫಿಲೋಕಾಕಸ್ ಮುಗಿಸಿ ಸ್ಟ್ರೆಪ್ಟೋಕಾಕಸ್‌ಗೆ ಬರುವಷ್ಟರಲ್ಲಿ ಹಿಂದಿನದು ಮರೆತಿರುತ್ತದೆ. ಒಂದೊಂದಕ್ಕೂ ಆಕಾರ, ಬಣ್ಣ, ಮೀಡಿಯಾ (ಬೆಳೆಸಲು ಹಾಕುವ ಆಹಾರ), ಟೆಸ್ಟು, ಟಾಕ್ಸಿನ್, ಕಾಯಿಲೆ, ಔಷಧಿ. ಓದುತ್ತಾ ಹೋದ ಹಾಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಮೈಕ್ರೋಸ್ಕೋಪ್ ಮುಂದೆ ಕೂರಿಸಿ "ಏನಮ್ಮಾ ಇದು?" ಅಂದರೆ ಬಾಯಿ ಒಣಗುತ್ತದೆ. ಮುಂದಿನ ಪರೀಕ್ಷೆಗೆ ಆರು ವಾರ ಇದೆ. ಓದಿ ಪಾಸಾದವರು, ಲ್ಯಾಬಿನಲ್ಲಿ ಕೆಲಸ ಮಾಡುವವರು, ನಿಮಗೆ ಏನು ಕೆಲಸಕ್ಕೆ ಬಂತು ಅಂತ ಹೇಳ್ತೀರಾ?

ಹೌಸ್ ಸರ್ಜನ್, ಮೈಸೂರು

ತಂಗಿ, ಇದೇ ಸಬ್ಜೆಕ್ಟಿನಲ್ಲಿ ಎರಡು ಇಂಟರ್ನಲ್ಸ್ ಫೇಲಾದವನು ನಾನು. ಧೈರ್ಯವಾಗಿರು.

ನನ್ನ ತಪ್ಪು ಏನಾಗಿತ್ತು ಅಂದರೆ, ಪುಸ್ತಕ ಹೇಗಿದೆಯೋ ಹಾಗೇ ಓದುತ್ತಿದ್ದೆ. ಮೊದಲು ಹೆಸರು, ಆಮೇಲೆ ಆಕಾರ, ಕೊನೆಯಲ್ಲಿ ಕಾಯಿಲೆ. ಕಾಯಿಲೆಗೆ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಒಂದು ದಿನ ಸೀನಿಯರ್ ಅಕ್ಕ ಒಬ್ಬರು ಒಂದೇ ಪ್ರಶ್ನೆ ಕೇಳಿದರು: "ಕಾಲರಾನೂ ಕೊಳಕು ನೀರಿಂದ ಬರುತ್ತೆ, ಟೈಫಾಯ್ಡೂ ಕೊಳಕು ನೀರಿಂದ ಬರುತ್ತೆ. ಒಂದರಲ್ಲಿ ಭೇದಿ, ಇನ್ನೊಂದರಲ್ಲಿ ಜ್ವರ. ಯಾಕೆ?" ನನಗೆ ಗೊತ್ತಿರಲಿಲ್ಲ. ಎರಡನ್ನೂ ಓದಿದ್ದೆ, ಆದರೂ ಗೊತ್ತಿರಲಿಲ್ಲ.

ಕಾಲರಾದ ವಿಬ್ರಿಯೋ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಒಳಗೆ ನುಗ್ಗುವುದಿಲ್ಲ. ಅಲ್ಲಿಂದಲೇ ಟಾಕ್ಸಿನ್ ಬಿಡುತ್ತದೆ. ಕರುಳಿನ ಜೀವಕೋಶಗಳಿಂದ ಉಪ್ಪು, ನೀರು ಹೊರಗೆ ಸುರಿಯುತ್ತವೆ. ಅದಕ್ಕೇ ಅಕ್ಕಿ ತೊಳೆದ ನೀರಿನಂಥ ಭೇದಿ. ಅದಕ್ಕೇ ಜ್ವರ ಅಷ್ಟಾಗಿ ಇರುವುದಿಲ್ಲ, ರಕ್ತ ಕಲ್ಚರ್ (ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಮಾಡಿ ಪ್ರಯೋಜನವಿಲ್ಲ, ಚಿಕಿತ್ಸೆಯಲ್ಲಿ ಮೊದಲ ಜಾಗ ನೀರು ಮತ್ತು ಉಪ್ಪಿಗೆ. ಒಂದು ಸಂಗತಿಯಿಂದ ನಾಲ್ಕು ಉತ್ತರ ಬಂತು ನೋಡು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾದಲ್ಲಿ ಕೂತು ಈ ಬ್ಯಾಕ್ಟೀರಿಯಾವೇ ಕಾಲರಾಕ್ಕೆ ಕಾರಣ ಅಂದರು. ಆದರೆ ಬ್ಯಾಕ್ಟೀರಿಯಾ ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆ ಅಂತ ತೋರಿಸಿದ್ದು 1959ರಲ್ಲಿ, ಅದೇ ಊರಿನ ಶಂಭುನಾಥ್ ಡೇ. ಈ ಪ್ರಯೋಗ ನನಗೆ ಎಷ್ಟು ಹಿಡಿಸಿತು ಅಂದರೆ ವೈವಾದಲ್ಲಿ ಕೇಳದಿದ್ದರೂ ಹೇಳಿಬಿಟ್ಟೆ.

ಟೈಫಾಯ್ಡಿನದು ನೇರ ಉಲ್ಟಾ. ಕರುಳು ಅದಕ್ಕೆ ಬರೀ ಬಾಗಿಲು. ದಾಟಿ ರಕ್ತಕ್ಕೆ ಇಳಿಯುತ್ತದೆ. ಲಿವರ್, ಗುಲ್ಮ, ಮೂಳೆಮಜ್ಜೆಯಲ್ಲಿ ಬೆಳೆದು, ಪಿತ್ತಕೋಶದ ಮೂಲಕ ಮತ್ತೆ ಕರುಳಿಗೆ ಬರುತ್ತದೆ. ಹಾಗಾಗಿ ಮೊದಲ ವಾರ ರಕ್ತ ಕಲ್ಚರ್, ಎರಡನೇ ವಾರ ವಿಡಾಲ್ ಅನ್ನುವ ಅಗ್ಲುಟಿನೇಷನ್ ಟೆಸ್ಟು, ಮೂರನೇ ವಾರ ಮಲ, ನಾಲ್ಕಕ್ಕೆ ಮೂತ್ರ. ನಾವೆಲ್ಲ ಇದನ್ನು ಬ್ಲಡ್, ಅಗ್ಲುಟಿನೇಷನ್, ಸ್ಟೂಲ್, ಯೂರಿನ್‌ನ ಮೊದಲ ಅಕ್ಷರ ಸೇರಿಸಿ "ಬಸು" (BASU) ಅಂತ ಉರು ಹೊಡೆದೆವು. ದಾರಿ ಗೊತ್ತಿದ್ದರೆ ಬಸು ಬೇಕಾಗಿಯೇ ಇಲ್ಲ.

ನೋಟ್‌ಬುಕ್ ತಿರುಗಿಸಿ ಬರೆ. ಎಲ್ಲಿಂದ ಒಳಗೆ ಬಂತು, ಎಲ್ಲಿ ಕೂತಿತು, ಅಲ್ಲಿ ಏನು ಮಾಡಿತು. ಹೆಸರು ಕೊನೆಗೆ.

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ಡಾಕ್ಟರ್ ಹೇಳಿದ್ದು ಸರಿ. ಆದರೆ ಓದಿ ಗೊತ್ತಾಗೋದು ಅರ್ಧ. ಉಳಿದ ಅರ್ಧ ಬೆಂಚಿನ ಮುಂದೆ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಬೆಳಿಗ್ಗೆ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಓದುವ ಹೊತ್ತಿಗೆ ಹೋಗಿ ನಿಲ್ಲು, ತಂಗಿ. ಹಿಂದಿನ ದಿನ ಹಾಕಿದ ಪ್ಲೇಟುಗಳು ಇನ್‌ಕ್ಯುಬೇಟರಿನಿಂದ ಹೊರಗೆ ಬರುವ ಹೊತ್ತು ಅದು. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಅಡ್ಡ ನಿಲ್ಲದಿದ್ದರೆ ಸಾಕು.

ಮ್ಯಾಕ್‌ಕಾಂಕಿ ಮೀಡಿಯಾದ ಪ್ಲೇಟಿನ ಮೇಲೆ ಇ. ಕೋಲಿ (E. coli) ಗುಲಾಬಿ, ಚಪ್ಪಟೆ. ಕ್ಲೆಬ್ಸಿಯೆಲ್ಲಾನೂ ಗುಲಾಬಿಯೇ, ಆದರೆ ಉಬ್ಬಿಕೊಂಡು ಲೋಳೆಲೋಳೆಯಾಗಿರುತ್ತದೆ. ಲೂಪಿನಿಂದ ಎತ್ತಿದರೆ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಬರುತ್ತದೆ. ಅದರ ಮೈಮೇಲಿನ ದಪ್ಪ ಕ್ಯಾಪ್ಸೂಲ್ ಅದಕ್ಕೆ ಕಾರಣ. ಬ್ಲಡ್ ಅಗಾರ್ (ರಕ್ತ ಬೆರೆಸಿದ ಮೀಡಿಯಾ) ಮೇಲೆ ಪ್ರೋಟಿಯಸ್ ಕೆರೆಗೆ ಕಲ್ಲು ಎಸೆದ ಹಾಗೆ ಅಲೆ ಅಲೆಯಾಗಿ ಹರಡುತ್ತದೆ. ಸ್ಯೂಡೋಮೊನಾಸ್ ಬೆಳೆದರೆ ಪ್ಲೇಟೇ ಹಸಿರಾಗುತ್ತದೆ. ಒಮ್ಮೆ ಕಣ್ಣಾರೆ ನೋಡಿದರೆ ಯಾವ ಟೇಬಲ್ಲೂ ಬೇಡ. ಪುಸ್ತಕದಲ್ಲಿ ಹಣ್ಣಿನ ವಾಸನೆ, ಮೀನಿನ ವಾಸನೆ ಅಂತೆಲ್ಲ ಬರೆದಿರುತ್ತಾರೆ. ಅದನ್ನು ಪರೀಕ್ಷೆಯಲ್ಲಿ ಬರಿ, ಆದರೆ ಪ್ಲೇಟಿಗೆ ಮೂಗು ಹಿಡಿಯಬೇಡ. ಬ್ರೂಸೆಲ್ಲಾದಂಥದ್ದು ಲ್ಯಾಬಿನವರಿಗೇ ಅಂಟುವುದು ಹಾಗೆಯೇ.

ಇನ್ನು ಗ್ರಾಂ ಸ್ಟೇನ್, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ನೇರಳೆ (ಪಾಸಿಟಿವ್), ಗುಲಾಬಿ (ನೆಗೆಟಿವ್) ಅಂತ ಬೇರ್ಪಡಿಸೋದು. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಅಸಿಟೋನ್ ಕೆಲವೇ ಸೆಕೆಂಡ್, ಆಮೇಲೆ ಸಾಫ್ರನಿನ್. ಎಲ್ಲರೂ ಕೆಡಿಸೋದು ಅಸಿಟೋನಿನಲ್ಲಿ. ಸ್ವಲ್ಪ ಜಾಸ್ತಿ ಬಿಟ್ಟರೆ ನೇರಳೆ ಇರಬೇಕಾದದ್ದೂ ಗುಲಾಬಿ ಆಗಿಬಿಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೀವಿನ ಸ್ಲೈಡ್ ಒಂದನ್ನು ಹಾಗೆ ಕೆಡಿಸಿ ಗ್ರಾಂ ನೆಗೆಟಿವ್ ಅಂತ ಬರೆದೆ. ಮರುದಿನ ಪ್ಲೇಟಿನಲ್ಲಿ ಬಂಗಾರದ ಬಣ್ಣದ ಸ್ಟ್ಯಾಫ್ ನಗುತ್ತಾ ಕೂತಿತ್ತು. ಅವತ್ತಿನ ಬೈಗುಳ ಇನ್ನೂ ಕಿವಿಯಲ್ಲಿದೆ. ಒಂದೇ ಸ್ಲೈಡಿನ ಎರಡು ತುದಿಯಲ್ಲಿ ಗೊತ್ತಿರುವ ಸ್ಟ್ಯಾಫ್ ಒಂದು, ಇ. ಕೋಲಿ ಒಂದು ಹಚ್ಚಿ ಅಭ್ಯಾಸ ಮಾಡು. ಎರಡೂ ಒಂದೇ ಬಣ್ಣ ಬಂದರೆ ತಪ್ಪು ನಿನ್ನ ಕೈಯದು.

ಕ್ಷಯದ ಬಗ್ಗೆ ಒಂದು ಲೆಕ್ಕ ನೆನಪಿಡು. ಇ. ಕೋಲಿ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಕ್ಷಯದ ಬ್ಯಾಸಿಲಸ್‌ಗೆ ಅದಕ್ಕೇ 18–20 ಗಂಟೆ ಬೇಕು. ಎಲ್‌ಜೆ (ಕ್ಷಯದ ಬ್ಯಾಸಿಲಸ್ ಬೆಳೆಸುವ ಮೀಡಿಯಾ) ಬಾಟಲಿ ಮುಂದೆ ಎಂಟು ವಾರ ಕಾಯೋದು ಯಾಕೆ ಅಂತ ಇನ್ನು ಯಾರೂ ಹೇಳಿಕೊಡಬೇಕಿಲ್ಲ.

ಮೈಕ್ರೋಬಯಾಲಜಿ ಪಿಜಿ, ದಾವಣಗೆರೆ

ಎಲ್ಲ ಚೆನ್ನಾಗಿದೆ, ಆದರೆ ಹುಡುಗಿಗೆ ಆರು ವಾರದಲ್ಲಿ ಪರೀಕ್ಷೆ ಇದೆ. ಕಥೆಯಿಂದ ಅರ್ಥವಾಗುತ್ತದೆ, ಆನ್ಸರ್ ಶೀಟ್ ತುಂಬುವುದಿಲ್ಲ. ಸ್ವಲ್ಪ ಉರು ಹೊಡೆಯಲೇಬೇಕು, ಅದನ್ನು ಮುಚ್ಚಿಡಬೇಡಿ.

ದೊಡ್ಡ ಹಾಳೆಯಲ್ಲಿ ಒಂದು ಮರ ಬರಿ. ಗ್ರಾಂ ಪಾಸಿಟಿವ್ ಕಾಕೈ (ಗುಂಡಗಿನವು), ಕೆಟಲೇಸ್ ಟೆಸ್ಟ್ ಮಾಡು, ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕು. ಗುಳ್ಳೆ ಬಂದರೆ ಸ್ಟ್ಯಾಫ್, ಬರದಿದ್ದರೆ ಸ್ಟ್ರೆಪ್. ಸ್ಟ್ಯಾಫ್‌ಗೆ ಕೋಆಗ್ಯುಲೇಸ್, ಪಾಸಿಟಿವ್ ಆದರೆ ಆರಿಯಸ್. ಸ್ಟ್ರೆಪ್ ಕಡೆ ರಕ್ತ ಪೂರ್ತಿ ಕರಗಿಸಿದರೆ ಬೀಟಾ, ಅಲ್ಲಿ ಬ್ಯಾಸಿಟ್ರಾಸಿನ್ ಡಿಸ್ಕ್ (ಔಷಧಿ ಹೀರಿಸಿದ ಬಿಲ್ಲೆ). ಹಸಿರು ಬಿಟ್ಟರೆ ಆಲ್ಫಾ, ಅಲ್ಲಿ ಆಪ್ಟೋಚಿನ್. ಅದಕ್ಕೆ ಬಗ್ಗಿದರೆ, ಅಂದರೆ ಡಿಸ್ಕ್ ಸುತ್ತ ಬೆಳೆಯದಿದ್ದರೆ, ನ್ಯೂಮೋಕಾಕಸ್. ಇಷ್ಟೇ. ಪುಸ್ತಕ ಮುಚ್ಚಿ ದಿನಾ ಒಂದು ಸಲ ಬರಿ. ನೋಡಿಕೊಂಡು ಹತ್ತು ಸಲ ಬರೆಯುವುದಕ್ಕಿಂತ ನೋಡದೆ ಒಂದು ಸಲ ತಪ್ಪಾಗಿ ಬರೆದು ತಿದ್ದುವುದು ಮೇಲು.

ವೈವಾದಲ್ಲಿ ಕೇಳುವ ಒಂದು: ಕೆಟಲೇಸ್ ಟೆಸ್ಟಿಗೆ ಬ್ಲಡ್ ಅಗಾರಿನಿಂದ ಕಾಲೋನಿ ತೆಗೆಯುವಾಗ ಯಾಕೆ ಎಚ್ಚರ? ಕೆಂಪು ರಕ್ತಕಣದಲ್ಲೂ ಕೆಟಲೇಸ್ ಇರುತ್ತದೆ. ಅಗಾರ್ ಅಂಟಿಕೊಂಡು ಬಂದರೆ ಸುಳ್ಳು ಗುಳ್ಳೆ.

ಸ್ಟಾಫ್ ನರ್ಸ್, ಕಲಬುರಗಿ

ನನ್ನದು ಎರಡೇ ಮಾತು. ರಕ್ತ ಕಲ್ಚರ್ ತೆಗೆಯೋದು ಆಂಟಿಬಯಾಟಿಕ್ ಕೊಡುವ ಮುಂಚೆ. ಕಫ ಅಂದರೆ ಕಫ, ಉಗುಳಲ್ಲ. ವಾರ್ಡಿನಲ್ಲಿ ಇವೆರಡು ತಪ್ಪಿದರೆ ನೀವು ಮೇಲೆ ಬರೆದ ಮರ, ಟೇಬಲ್ ಯಾವುದೂ ಕೆಲಸಕ್ಕೆ ಬರಲ್ಲ.

ಮೈಕ್ರೋಬಯಾಲಜಿ ಕಲಿಸುವವರು, ಉಡುಪಿ ಕಡೆ

ಮಗಳೇ, ಕನ್ನಡ ಮಾಧ್ಯಮ ಅಂತ ಹಿಂಜರಿಯಬೇಡ. ಈ ಹೆಸರುಗಳು ಇಂಗ್ಲಿಷೂ ಅಲ್ಲ. ಗ್ರೀಕ್, ಲ್ಯಾಟಿನ್. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅಷ್ಟೇ ಕಷ್ಟ. ಒಡೆದು ನೋಡಿದರೆ ಒಳಗೆ ನಮ್ಮ ಅಂಗಳದ ವಸ್ತುಗಳೇ ಇವೆ. ಸ್ಟ್ಯಾಫಿಲೆ ಅಂದರೆ ದ್ರಾಕ್ಷಿ ಗೊಂಚಲು. ಸ್ಟ್ರೆಪ್ಟೋಸ್ ಅಂದರೆ ಹೊಸೆದದ್ದು, ಸರದ ಹಾಗೆ. ಕೊರಿನೆ ಅಂದರೆ ಗದೆ. ಡಿಫ್ತೆರಾ ಅಂದರೆ ತೊಗಲು. ಗಂಟಲಮಾರಿಯಲ್ಲಿ (ಡಿಫ್ತೀರಿಯಾ) ಗಂಟಲೊಳಗೆ ಬೂದು ಬಣ್ಣದ ತೊಗಲಿನಂಥ ಪೊರೆ ಕಟ್ಟುತ್ತದಲ್ಲ, ಅದು. ಕ್ಲಾಸ್ಟ್ರಿಡಿಯಂ ಅಂದರೆ ನೂಲುವ ಕದಿರು. ಇನ್ನು ಧನುರ್ವಾಯು ಅನ್ನುವ ನಮ್ಮ ಹೆಸರು ನೋಡು. ರೋಗಿಯ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ ಅಂತ ಹೆಸರಲ್ಲೇ ಇದೆ.

ನೀನು ತೀರ್ಥಹಳ್ಳಿ ಕಡೆಯವಳು ಅಂದಿದ್ದಕ್ಕೆ ಇನ್ನೊಂದನ್ನು ಹೇಳಲೇಬೇಕು. ಮೆಲಿಯಾಯ್ಡೋಸಿಸ್. ಪರೀಕ್ಷೆಗೆ ಅದು ಶಾರ್ಟ್ ನೋಟ್ ಅಷ್ಟೇ. ನಮ್ಮ ಮಳೆನಾಡಿಗೆ ಅಷ್ಟೇ ಅಲ್ಲ.

ಬರ್ಕೋಲ್ಡೇರಿಯಾ ಸ್ಯೂಡೋಮ್ಯಾಲೈ ಗದ್ದೆಯ ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಬರುವುದು ಜಾಸ್ತಿ. ಜ್ವರ, ನ್ಯುಮೋನಿಯಾ, ಲಿವರಿನಲ್ಲಿ ಅಥವಾ ಗುಲ್ಮದಲ್ಲಿ ಕೀವು. ಎಷ್ಟೋ ಸಲ ನೋಡಲು ಕ್ಷಯದ ಥರವೇ. ಇದನ್ನು ಮೊದಲು ಗುರುತಿಸಿದವರು ವಿಟ್ಮೋರ್ ಮತ್ತು ಕೃಷ್ಣಸ್ವಾಮಿ, 1911ರಲ್ಲಿ ರಂಗೂನಿನಲ್ಲಿ.

ಲ್ಯಾಬಿನಲ್ಲಿ ಇದು ಮೋಸಗಾರ. ಗ್ರಾಂ ನೆಗೆಟಿವ್, ಆಕ್ಸಿಡೇಸ್ ಪಾಸಿಟಿವ್. ಅವಸರದಲ್ಲಿದ್ದವರು "ಸ್ಯೂಡೋಮೊನಾಸ್" ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇನ್ನೂ ಕೆಲವರು ಹೊರಗಿನಿಂದ ಬಂದು ಸೇರಿದ್ದು ಅಂತ ಎಸೆದುಬಿಡುತ್ತಾರೆ. ನಾನು ಹಿಂದೆ ಇದ್ದ ಒಂದು ಲ್ಯಾಬಿನಲ್ಲಿ ಹಾಗೇ ಆಯಿತು. ಸಕ್ಕರೆ ಕಾಯಿಲೆ ಇದ್ದ ರೈತರೊಬ್ಬರ ಕೀವು. ನಾನೇ ಸಹಿ ಹಾಕಿದ ರಿಪೋರ್ಟು. ಎರಡನೇ ಸಲ ಅದೇ ಬೆಳೆದಾಗ ತಡವಾಗಿ ಹೊಳೆಯಿತು. ಸುಳಿವು ಕಣ್ಣ ಮುಂದೆಯೇ ಇತ್ತು. ಜೆಂಟಾಮೈಸಿನ್‌ಗೆ ಬಗ್ಗಿಲ್ಲ, ಕೊಲಿಸ್ಟಿನ್‌ಗೂ ಬಗ್ಗಿಲ್ಲ, ಆದರೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗಿದೆ. ಮಾಮೂಲಿ ಸ್ಯೂಡೋಮೊನಾಸ್ ಹಾಗೆ ಮಾಡುವುದಿಲ್ಲ. ಸ್ಲೈಡಿನಲ್ಲಿ ಎರಡು ತುದಿ ಮಾತ್ರ ಬಣ್ಣ ಹಿಡಿದು ನಡುವೆ ಖಾಲಿ, ಸೇಫ್ಟಿ ಪಿನ್ನಿನ ಹಾಗೆ. ಕೆಲವು ದಿನ ಬಿಟ್ಟರೆ ಕಾಲೋನಿ ಒಣಗಿ ಸುಕ್ಕುಗಟ್ಟುತ್ತದೆ.

ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ. ಇದಕ್ಕೆ ಸೆಫ್ಟಾಜಿಡೀಮ್ ಅಥವಾ ಮೆರೋಪೆನಮ್ ಕನಿಷ್ಠ 10–14 ದಿನ ರಕ್ತನಾಳಕ್ಕೆ, ಆಮೇಲೆ ಕೋ-ಟ್ರೈಮೋಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು. ಮಾಮೂಲಿ ಸ್ಯೂಡೋಮೊನಾಸ್ ಅಂದುಕೊಂಡರೆ ಆ ಮೂರು ತಿಂಗಳ ಯೋಚನೆಯೇ ಯಾರಿಗೂ ಬರುವುದಿಲ್ಲ. ವಾಸಿಯಾಯಿತು ಅಂತ ಮನೆಗೆ ಹೋದವರಿಗೆ ಮತ್ತೆ ಮರುಕಳಿಸುತ್ತದೆ.

ಪಿಜಿ ತಮ್ಮ ಹೇಳಿದ ಮರ ಬರಿ, ಬೇಡ ಅನ್ನುವುದಿಲ್ಲ. ಆದರೆ ಮರದ ಪಕ್ಕದಲ್ಲಿ "ಯಾರ ಸ್ಯಾಂಪಲ್, ಎಲ್ಲಿಂದ ಬಂತು, ಯಾವ ಕಾಲದಲ್ಲಿ" ಅಂತ ಒಂದು ಸಾಲು ಇರಲಿ.

ಮೈಕ್ರೋಬಯಾಲಜಿ ಪಿಜಿ, ದಾವಣಗೆರೆ

ಮೇಡಂ, ಒಪ್ಪಿದೆ. ನನ್ನ ಮರದಲ್ಲಿ ಈ ಕೊಂಬೆಯೇ ಇರಲಿಲ್ಲ. ಇವತ್ತು ಸೇರಿಸುತ್ತೇನೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನಮ್ಮ ಅಜ್ಜನಿಗೂ ಶುಗರ್ ಇದೆ. ಪ್ರತಿ ಮಳೆಗಾಲ ಬರಿಗಾಲಲ್ಲೇ ಗದ್ದೆಗೆ ಇಳಿಯುತ್ತಾರೆ. ನಿಮ್ಮದು ಓದಿದ ಮೇಲೆ ಮನೆಗೆ ಫೋನ್ ಮಾಡಿ ಗಂಬೂಟು ತರಿಸಲು ಹೇಳಿದೆ. ಹಾಕಿಕೊಳ್ಳುತ್ತಾರಾ ಅನ್ನೋದು ಬೇರೆ ಮಾತು.

ನಿನ್ನೆ ರಾತ್ರಿ ಧನುರ್ವಾಯುವಿನಿಂದ ಶುರು ಮಾಡಿದೆ. ಪುಸ್ತಕ ಮುಚ್ಚಿ ಬರೆದದ್ದು ಇದು. ಮಣ್ಣಿನಲ್ಲಿರುವ ಸ್ಪೋರ್ (ಬ್ಯಾಕ್ಟೀರಿಯಾದ ಗಟ್ಟಿ ಬೀಜದಂಥ ರೂಪ) ಗಾಯದೊಳಗೆ ಬರುತ್ತದೆ. ಗಾಳಿಯಾಡದ ಆಳವಾದ ಗಾಯ ಬೇಕು, ಯಾಕೆಂದರೆ ಆಕ್ಸಿಜನ್ ಇದ್ದರೆ ಬೆಳೆಯುವುದಿಲ್ಲ. ಬ್ಯಾಕ್ಟೀರಿಯಾ ಗಾಯ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಟಾಕ್ಸಿನ್ ಮಾತ್ರ ನರ ಹಿಡಿದು ಮೇಲಕ್ಕೆ ಹೋಗುತ್ತದೆ. ಸ್ನಾಯುವಿಗೆ "ಸಾಕು, ಸಡಿಲ ಬಿಡು" ಅನ್ನುವ ಸಂದೇಶವನ್ನು ತಡೆಯುತ್ತದೆ. ಅದಕ್ಕೇ ದವಡೆ ಕಚ್ಚಿಕೊಳ್ಳುವುದು, ಬೆನ್ನು ಬಾಗುವುದು. ಕೊನೆಗೆ ಹೆಸರು: ಕ್ಲಾಸ್ಟ್ರಿಡಿಯಂ ಟೆಟನಿ, ಗ್ರಾಂ ಪಾಸಿಟಿವ್, ಡ್ರಮ್‌ಸ್ಟಿಕ್ ಆಕಾರ. ಚಿತ್ರ ಹಾಕಿದ್ದೇನೆ, ಸರಿಯಿದೆಯಾ ನೋಡಿ.

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ಬರೆದದ್ದು ಪೂರ್ತಿ ಸರಿ. ಚಿತ್ರ ಮಾತ್ರ ನುಗ್ಗೆಕಾಯಿ ಆಗಿದೆ ತಂಗಿ. ಮೈತುಂಬಾ ಗಂಟು ಬರೆದಿದ್ದೀಯ. ಅದು ಸಾಂಬಾರಿನ ಡ್ರಮ್‌ಸ್ಟಿಕ್ ಅಲ್ಲ, ಡ್ರಮ್ ಬಾರಿಸುವ ಕೋಲು. ತೆಳ್ಳಗಿನ ಕಡ್ಡಿ, ಒಂದೇ ತುದಿಯಲ್ಲಿ ಒಂದೇ ಗುಂಡು. ಗುಂಡು ಕಡ್ಡಿಗಿಂತ ದಪ್ಪ ಇರಲಿ. ತಿದ್ದಿ ಮತ್ತೆ ಹಾಕು.