ಸಹಾಯ ಬೇಕು: ಎಲ್ಕ್ ಬೇಟೆಗೆ ಯಾವ ರೈಫಲ್, ಯಾವ ತೋಟಾ?

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನವನು, ಗ್ರೀನ್ ಕಾರ್ಡ್ ಪಡೆದು ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿದ್ದೇನೆ, ಬೇಟೆಗಾರರ ಸುರಕ್ಷತಾ ತರಬೇತಿಯೂ ಮುಗಿದಿದೆ. ಊರಿನಲ್ಲಿ ಕೈಲ್‌ಪೊಳ್ದಿನಂದು ಮರದ ತುದಿಯ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಟ್ಟದ್ದನ್ನು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಈಗ ಕಡವೆಗಿಂತಲೂ ದೊಡ್ಡ ಜಿಂಕೆಯಾದ ಎಲ್ಕ್ ಬೇಟೆಗೆ ಮೊದಲ ರೈಫಲ್ ಕೊಳ್ಳಬೇಕಾಗಿದೆ.

ಗುಂಡು ಕನಿಷ್ಠ 0.24 ಇಂಚು ವ್ಯಾಸ ಹಾಗೂ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ್ದಾಗಿರಬೇಕು, ತಗುಲಿದಾಗ ಅರಳುವಂಥದ್ದಾಗಿರಬೇಕು, 100 ಗಜದಲ್ಲಿ ಅದಕ್ಕೆ 1000 ಫುಟ್-ಪೌಂಡ್ ಶಕ್ತಿ ಇರಬೇಕು ಎಂಬುದು ಇಲ್ಲಿನ ನಿಯಮ. ನಾನು ನೋಡುತ್ತಿರುವ ತೋಟಾಗಳೆಲ್ಲ ಇದನ್ನು ಸುಲಭವಾಗಿ ದಾಟುತ್ತವೆ. ನನ್ನ ಚಿಂತೆ 400 ಗಜದ್ದು. 6.5 ಕ್ರೀಡ್‌ಮೂರ್ ತೋಟಾದ ಒದೆತ (ಹಾರಿಸಿದಾಗ ಭುಜಕ್ಕೆ ಬೀಳುವ ಪೆಟ್ಟು) ಕಡಿಮೆ, ಗುಂಡು ಗಾಳಿಗೆ ಹೆಚ್ಚು ವಾಲುವುದಿಲ್ಲ, ಆದರೆ ಅಷ್ಟು ದೂರದಲ್ಲಿ ಎಲ್ಕ್‌ನ ಭುಜದ ಮೂಳೆ ಎದುರಾದರೆ ಅದರ ಬಲ ಸಾಕಾದೀತೇ ಎಂಬ ಅನುಮಾನವಿದೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ ಬಲಕ್ಕೆ ಕೊರತೆಯಿಲ್ಲ. ಸ್ನೇಹಿತರೊಬ್ಬರ ರೈಫಲ್‌ನಿಂದ ಮೂರು ಸುತ್ತು ಹಾರಿಸಿದೆ, ಮೂರನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಂಡಿತು. (ಅವರು ನಕ್ಕರು, ನನ್ನ ಭುಜ ನಗಲಿಲ್ಲ.)

ಹೀಗಾಗಿ 1962ರಷ್ಟು ಹಳೆಯದಾದರೂ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ನತ್ತ, 160 ಗ್ರೇನ್ ಗುಂಡಿನೊಂದಿಗೆ, ಮನಸ್ಸು ವಾಲಿದೆ. 10,000 ಅಡಿ ಎತ್ತರದ ಬೆಟ್ಟದಲ್ಲಿ ಹೊತ್ತು ನಡೆಯಲು ಹಗುರವಾದ ರೈಫಲ್ ಹಿತ, ಆದರೆ ಹಗುರವಾದಷ್ಟೂ ಒದೆತ ಹೆಚ್ಚು. ದೂರ್ಬೀನು ಸೇರಿ ಎಷ್ಟು ತೂಕವಿದ್ದರೆ ಸರಿ? 24 ಇಂಚಿನ ನಳಿಗೆ ಸಾಕೇ? ಒದೆತ ತಗ್ಗಿಸಲು ನಳಿಗೆಯ ತುದಿಗೆ ಬ್ರೇಕ್ ಹಾಕಿಸಿದವರು, ಅದರಿಂದ ಹೆಚ್ಚುವ ಸದ್ದಿನಿಂದ ಕಿವಿಯ ರಕ್ಷಣೆಗೆ ಏನು ಮಾಡುತ್ತೀರಿ? ಇಲ್ಲಿ ಎಲ್ಕ್ ಬೇಟೆಯಾಡಿದ ಅನುಭವವಿರುವವರು ದಯವಿಟ್ಟು ತಿಳಿಸಿ.